ಫ್ಯೂಜಿಗೆ ತಂತಿ ಸುತ್ತುವ ಮುನ್ನ

ಹೋದ ಮಳೆಗಾಲದಲ್ಲಿ ಸಂಡೂರಿನ ಚಿಕ್ಕಮ್ಮನ ಮನೆಯಿಂದ ಒಂದು ಹಳೇ ಮೈಕ್ರೋವೇವ್ ಒಲೆ ಹೊಸಪೇಟೆಯ ನಮ್ಮ ಮನೆಗೆ ಬಂತು. ಬಂತು ಅಂದರೆ, ಅಲ್ಲಿ ಇಡೋಕೆ ಜಾಗ ಇಲ್ಲ ಅಂತ ಬಸ್ಸಿಗೆ ಹಾಕಿ ಕಳಿಸಿದರು. "ಕೆಟ್ಟು ಕುಂತೈತಿ, ನೀನು ಓದಿದಾವ, ಏನಾಗೈತಿ ನೋಡು" ಅಂತ ಫೋನಿನಲ್ಲಿ ಒಂದು ಮಾತು. ನಾನು ಓದಿದ್ದೇನೋ ಎಲೆಕ್ಟ್ರಾನಿಕ್ಸೇ. ಆದರೆ ಹೊಟ್ಟೆಪಾಡು ಬೇರೆ. ಸೋಲ್ಡರಿಂಗ್ ಐರನ್ ಮುಟ್ಟಿ ವರ್ಷಗಳಾಗಿವೆ. ಹಾಗಾಗಿ ಒಲೆಯನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಓಣಿಯಲ್ಲಿರುವ ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರನ್ನು ನಾವೆಲ್ಲ ಮಾಮ ಅಂತಲೇ ಕರೆಯೋದು. ವಾಲ್ವ್ ರೇಡಿಯೋದಿಂದ ಶುರು ಮಾಡಿ ಟ್ರಾನ್ಸಿಸ್ಟರ್, ಬ್ಲ್ಯಾಕ್ ಅಂಡ್ ವೈಟ್ ಟೀವಿ, ಕಲರ್ ಟೀವಿ, ಈಗ ಎಲ್‌ಇಡಿ ಬಲ್ಬಿನವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ ಕೈ ಅವರದು. ನಾಲ್ಕು ಸ್ಕ್ರೂ ಬಿಚ್ಚಿ ಕವಚ ತೆಗೆದರು. ಒಳಗೆ ಕೆಂಪು ಧೂಳು! ಸಂಡೂರಿನ ಧೂಳು ಅಂತ ಯಾರಾದರೂ ಹೇಳಬಹುದು. ಮೀಟರ್ ಹಿಡಿದು ನೋಡಿದರು. "ಏನೂ ಇಲ್ಲಪಾ, ಫ್ಯೂಜ್ ಹೋಗೈತಿ" ಅಂದರು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಬಿಳಿ ಪಿಂಗಾಣಿ ಫ್ಯೂಜ್. ಆ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ. ಮಾಮ ಒಂದು ತುಂಡು ವೈರಿನಿಂದ ತಾಮ್ರದ ಎಳೆ ಬಿಡಿಸಿ ಫ್ಯೂಜಿನ ಎರಡೂ ತುದಿಗೆ ಸುತ್ತೋಕೆ ಹೊರಟರು.

ನಾನು ಅವರ ಕೈ ಹಿಡಿದುಕೊಂಡೆ. "ಮಾಮಾ, ಒಂದ್ನಿಮಿಷ ತಡೀರಿ."

ಅವರಿಗೆ ಬೇಜಾರಾಯಿತು, ಆಗಬೇಕಾದ್ದೇ. ನಲವತ್ತು ವರ್ಷದ ಅನುಭವದ ಕೈಯನ್ನು ಇಂಟರ್ನೆಟ್ಟಿನಲ್ಲಿ ಸರ್ವಿಸ್ ಮ್ಯಾನುವಲ್ ಓದಿದವನು ಹಿಡಿದರೆ ಯಾರಿಗಾದರೂ ಆಗುತ್ತೆ. ಯಾಕೆ ಹಿಡಿದೆ ಅಂತ ಅವರಿಗೆ ಅಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಹೇಳಬೇಕೆಂದರೆ ಹೊಸಪೇಟೆಯಿಂದ ಬಹಳ ದೂರ, 1940ಕ್ಕೆ ಹೋಗಬೇಕು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಅನ್ನುವ ಇಬ್ಬರು ಒಂದು ತಾಮ್ರದ ಗಟ್ಟಿಯಲ್ಲಿ ತೂತುಗಳನ್ನು ಕೊರೆದು, ಅದನ್ನು ಆಯಸ್ಕಾಂತದ ನಡುವೆ ಇಟ್ಟು, ಗಾಳಿ ತೆಗೆದು ಹೆಚ್ಚು ವೋಲ್ಟೇಜು ಕೊಟ್ಟರು. ತಾರೀಖು 1940ರ ಫೆಬ್ರವರಿ 21. ಸುಮಾರು 400 ವಾಟ್ ಶಕ್ತಿಯ, 10 ಸೆಂ.ಮೀ.ಗಿಂತ ಚೂರು ಕಡಿಮೆ ಉದ್ದದ ರೇಡಿಯೋ ಅಲೆ ಹೊರಬಂತು. ಅಷ್ಟು ಗಿಡ್ಡ ಅಲೆಯನ್ನು ಅಷ್ಟು ಜೋರಾಗಿ ಹುಟ್ಟಿಸುವ ಸಾಧನ ಆವರೆಗೆ ಅವರ ಕೈಯಲ್ಲಿ ಇರಲಿಲ್ಲ. ಇದೇ ಕ್ಯಾವಿಟಿ ಮ್ಯಾಗ್ನೆಟ್ರಾನ್. ಮ್ಯಾಗ್ನೆಟ್ರಾನ್ ಅನ್ನೋ ಹೆಸರು ಹೊಸದಲ್ಲ, ಅಮೆರಿಕದ ಆಲ್ಬರ್ಟ್ ಹಲ್ 1920ರ ಸುಮಾರಿಗೇ ಆ ತರಹದ ವಾಲ್ವ್ ಮಾಡಿದ್ದರು. ಹೊಸದು ಆ ತೂತುಗಳು. ಕೊಳಲಿನ ಒಳಗೆ ಗಾಳಿ ಹೇಗೆ ಸ್ವರವಾಗುತ್ತದೋ ಹಾಗೆ ಆ ತೂತುಗಳ ಅಂಚಿನಲ್ಲಿ ಸುತ್ತುವ ಎಲೆಕ್ಟ್ರಾನುಗಳಿಂದ ಅಲೆ ಏಳುತ್ತದೆ.

ಅವರಿಗೆ ಅದು ಬೇಕಾಗಿದ್ದು ಅನ್ನ ಬಿಸಿ ಮಾಡೋಕಲ್ಲ. ಜರ್ಮನಿಯ ವಿಮಾನಗಳನ್ನು, ನೀರಿನ ಮೇಲೆ ತಲೆ ಎತ್ತಿದ ಸಬ್‌ಮೆರೀನನ್ನು ಕತ್ತಲಲ್ಲೂ ಕಾಣುವ ರಾಡಾರಿಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಈ ಗುಟ್ಟನ್ನು ಒಂದು ತಂಡದ ಕೈಯಲ್ಲಿ ಅಮೆರಿಕಕ್ಕೆ ಕಳಿಸಿತು. ಅಲ್ಲಿ ಅದನ್ನು ರಾಶಿಗಟ್ಟಲೆ ತಯಾರಿಸುವ ಕೆಲಸದ ದೊಡ್ಡ ಪಾಲು ರೇಥಿಯಾನ್ ಕಂಪನಿಗೆ ಬಂತು. ಆ ಕಂಪನಿಯಲ್ಲಿದ್ದವನು ಪರ್ಸಿ ಸ್ಪೆನ್ಸರ್.

ಈ ಸ್ಪೆನ್ಸರನ ಬಗ್ಗೆ ಮಾಮನಿಗೆ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಯಾಕೆಂದರೆ ಆತನೂ ಶಾಲೆ ಅರ್ಧಕ್ಕೇ ಬಿಟ್ಟವನು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳಕೊಂಡು, ಹನ್ನೆರಡರ ಹರೆಯಕ್ಕೆ ಗಿರಣಿಗೆ ಕೂಲಿಗೆ ಹೋಗಿ, ಆಮೇಲೆ ಕರೆಂಟಿನ ಕೆಲಸ, ನೌಕಾಪಡೆಯಲ್ಲಿ ರೇಡಿಯೋ ಕೆಲಸ ಅಂತ ಕೈಯಲ್ಲೇ ಕಲಿತವನು. ಗಟ್ಟಿ ತಾಮ್ರವನ್ನು ಕೊರೆಯುವ ಬದಲು ತೆಳು ತಗಡುಗಳನ್ನು ಅಚ್ಚಿನಲ್ಲಿ ಕತ್ತರಿಸಿ ಒಂದರ ಮೇಲೊಂದು ಪೇರಿಸಿ ಬೆಸೆದರೆ ಆಯಿತಲ್ಲ ಅಂತ ಯೋಚಿಸಿದವನೂ ಆತನೇ. ಯುದ್ಧ ಮುಗಿಯೋ ಹೊತ್ತಿಗೆ ಕಂಪನಿ ದಿನಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಮ್ಯಾಗ್ನೆಟ್ರಾನ್ ಮಾಡುತ್ತಿತ್ತು. ಒಮ್ಮೆ ನಡೆಯುತ್ತಿದ್ದ ಮ್ಯಾಗ್ನೆಟ್ರಾನ್ ಪಕ್ಕ ನಿಂತಾಗ ಜೇಬಿನಲ್ಲಿದ್ದ ತಿಂಡಿ ಕರಗಿದ ಕಥೆಯನ್ನು ನೀವೆಲ್ಲ ಓದಿರ್ತೀರಿ. ಬಿಸಿಯಾಗೋದು ಬೇರೆಯವರಿಗೂ ಗೊತ್ತಿದ್ದಿರಬಹುದು. ಆತ ಮಾತ್ರ ಜೋಳ ತರಿಸಿ ಅರಳು ಹುರಿದು ನೋಡಿದ, 1945ರ ಅಕ್ಟೋಬರಿನಲ್ಲಿ ಪೇಟೆಂಟಿಗೆ ಅರ್ಜಿಯನ್ನೂ ಹಾಕಿದ.

1945 ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗಬೇಕಾದ್ದು ಬೇರೆ. ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದ ವರ್ಷ ಅದು. ಈ ಕಡೆ ಮದ್ರಾಸು, ಆ ಕಡೆ ಹೈದರಾಬಾದು ಸಂಸ್ಥಾನ. ಸಂಡೂರಂತೂ ಆಗಿನ್ನೂ ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ, 1949ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರಲ್ಲಿ ಕಾಲುವೆಗೆ ನೀರು ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಡ್ಯಾಮಿನ ಬುಡದಲ್ಲಿ ಒಂದು, ಕಾಲುವೆ ದಾರಿಯಲ್ಲಿ ಹಂಪಿ ಹತ್ತಿರ ಇನ್ನೊಂದು, ಹೀಗೆ ಬಲದಂಡೆಯ ಎರಡು ಪವರ್‌ಹೌಸುಗಳು ಎದ್ದವು. ತಲಾ 9 ಮೆಗಾವಾಟಿನ ನಾಲ್ಕು ನಾಲ್ಕು ಯಂತ್ರ, ಒಟ್ಟು 72 ಮೆಗಾವಾಟು. ಕೃಷ್ಣದೇವರಾಯನ ಊರಿನ ಬಂಡೆಗಳ ಪಕ್ಕದಲ್ಲೇ ಕರೆಂಟು ಹುಟ್ಟುತ್ತಿದ್ದರೂ ನಮ್ಮ ಓಣಿಗಳಲ್ಲಿ ಕಂದೀಲು ಉರಿಯುವುದು ನಿಲ್ಲೋಕೆ ಬಹಳ ಕಾಲ ಹಿಡಿಯಿತು ಅಂತ ನಮ್ಮಜ್ಜಿ ಹೇಳ್ತಿದ್ದರು. ಅದಿರಲಿ.

ಮೈಕ್ರೋವೇವ್ ಅಲೆಗಳ ಕಥೆ ಪೂರ್ತಿ ಇಂಗ್ಲೆಂಡು-ಅಮೆರಿಕದ್ದೇ ಅಂದುಕೊಳ್ಳಬೇಡಿ. 1895ರಲ್ಲೇ ಕಲ್ಕತ್ತದ ಟೌನ್‌ಹಾಲಿನಲ್ಲಿ ಜಗದೀಶಚಂದ್ರ ಬೋಸರು ಇಂಥ ಗಿಡ್ಡ ಅಲೆಗಳನ್ನು ಗೋಡೆಯಾಚೆಗೆ ಕಳಿಸಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. ಕೆಲವು ಮಿಲಿಮೀಟರ್ ಉದ್ದದ ಅಲೆಗಳವು. ನಮ್ಮ ಒಲೆಯ ಅಲೆ 12 ಸೆಂ.ಮೀ. ಚಿಲ್ಲರೆ.

ಇನ್ನೊಬ್ಬರು ನಮಗೆ ಹತ್ತಿರದವರು, ಆದರೆ ನಮ್ಮಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ. ರಾಜೇಶ್ವರಿ ಚಟರ್ಜಿ. ಹೆಸರು ನೋಡಿ ಬಂಗಾಳಿ ಅನ್ನಬೇಡಿ! 1922ರಲ್ಲಿ ಹುಟ್ಟಿದ ಅವರು ನಂಜನಗೂಡಿನ ವಕೀಲ ಬಿ.ಎಂ. ಶಿವರಾಮಯ್ಯನವರ ಮಗಳು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಟಾಟಾ ಇನ್‌ಸ್ಟಿಟ್ಯೂಟ್ ಸೇರಿ, 1947ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಪಿಎಚ್‌ಡಿ ಮುಗಿಸಿ 1953ರಲ್ಲಿ ವಾಪಸು ಬಂದು ಅದೇ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗದಲ್ಲಿ ಪಾಠ ಹೇಳತೊಡಗಿದರು. ಕೈಹಿಡಿದವರು ಅಲ್ಲೇ ಇದ್ದ ಶಿಶಿರ್ ಕುಮಾರ್ ಚಟರ್ಜಿ. ಗಂಡ ಹೆಂಡತಿ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯ ಲ್ಯಾಬು ಕಟ್ಟಿದರು. ಆಮೇಲೆ ಆಕೆ ವಿಭಾಗದ ಮುಖ್ಯಸ್ಥೆಯೂ ಆದರು, 1982ರಲ್ಲಿ ನಿವೃತ್ತರಾದರು, 2010ರಲ್ಲಿ ತೀರಿಕೊಂಡರು. ನಮ್ಮ ಕಾಲೇಜು ಲೈಬ್ರರಿಯಲ್ಲಿ ಅವರ ಮೈಕ್ರೋವೇವ್ ಪುಸ್ತಕ ಇತ್ತು. ಬರೆದವರು ಕನ್ನಡದ ಹೆಣ್ಣುಮಗಳು ಅಂತ ನನಗೆ ಗೊತ್ತಾಗಿದ್ದು ಪರೀಕ್ಷೆ ಎಲ್ಲ ಮುಗಿದು ಎಷ್ಟೋ ವರ್ಷ ಆದ ಮೇಲೆ. ಗೊತ್ತಿದ್ದರೆ ಇನ್ನೂ ನಾಲ್ಕು ಮಾರ್ಕ್ಸ್ ಬರ್ತಿತ್ತೇನೋ :)

ಈಗ ಫ್ಯೂಜಿಗೆ ಬರೋಣ.

ಮೊದಲ ಮೈಕ್ರೋವೇವ್ ಒಲೆ 1947ರದು. ಆಳೆತ್ತರ, 340 ಕೆ.ಜಿ. ತೂಕ, ತಂಪು ಮಾಡೋಕೆ ನಲ್ಲಿ ನೀರಿನ ಪೈಪು ಬೇರೆ. ಹೋಟೆಲು, ಹಡಗುಗಳಿಗೆ ಮಾತ್ರ. 1955ರಲ್ಲಿ ಟ್ಯಾಪನ್ ಕಂಪನಿ ಮನೆಗೆ ಅಂತ ಒಂದು ಮಾಡಿತು, ಬೆಲೆ 1,295 ಡಾಲರ್, ಹಾಗಾಗಿ ಹೋಗಲಿಲ್ಲ. ಜಪಾನಿನ ಶಾರ್ಪ್ 1962ರಲ್ಲಿ ತಯಾರಿಕೆ ಶುರು ಮಾಡಿ, 1966ರಲ್ಲಿ ಒಳಗೆ ತಿರುಗುವ ತಟ್ಟೆ ಹಾಕಿತು. 1967ರಲ್ಲಿ ಅಮಾನಾ ಕಂಪನಿಯದು 495 ಡಾಲರಿಗೆ ಅಡುಗೆಮನೆಯ ಕಟ್ಟೆ ಮೇಲೆ ಕೂತಿತು. ಅಲ್ಲಿಂದ ನಿಜವಾಗಿ ಮನೆಮನೆಗೆ ಹೋಯಿತು.

ಅದೇ 1967ರಲ್ಲಿ ಅಮೆರಿಕದಲ್ಲಿ ಇನ್ನೊಂದು ಗಲಾಟೆ. ಕೆಲವು ಕಲರ್ ಟೀವಿಗಳಿಂದ ಎಕ್ಸ್-ರೇ ಸೋರುತ್ತಿದೆ ಅಂತ ಗೊತ್ತಾಗಿ ಸಾವಿರಾರು ಸೆಟ್ಟುಗಳನ್ನು ಸರಿಮಾಡಿಸಬೇಕಾಯಿತು. ಜನ ಬೆಚ್ಚಿದರು. 1968ರಲ್ಲಿ ಇಂಥ ಉಪಕರಣಗಳಿಗೆಲ್ಲ ಒಂದು ಕಾಯಿದೆ ಬಂತು. ಅದರಡಿ 1971ರ ಅಕ್ಟೋಬರಿನಿಂದ ಮೈಕ್ರೋವೇವ್ ಒಲೆಗೆ ಕಟ್ಟುಪಾಡು. ಮೇಲ್ಮೈಯಿಂದ 5 ಸೆಂ.ಮೀ. ದೂರದಲ್ಲಿ ಅಳೆದರೆ ಸೋರಿಕೆ ಚದರ ಸೆಂ.ಮೀ.ಗೆ ಹೊಸದರಲ್ಲಿ 1 ಮಿಲಿವಾಟ್, ಬಳಸುವಷ್ಟು ಕಾಲವೂ 5 ಮಿಲಿವಾಟ್ ದಾಟಬಾರದು. ಬಾಗಿಲು ತೆಗೆದ ಕೂಡಲೇ ಅಲೆ ನಿಲ್ಲಿಸೋಕೆ ಒಂದಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸ್ವಿಚ್ ಇರಬೇಕು. ಅವು ಕೆಲಸ ಮಾಡದೇ ಹೋದರೆ ಒಲೆಯನ್ನೇ ಸಾಯಿಸುವ ಕಾವಲು ಒಂದು ಇರಬೇಕು. ನಮ್ಮಲ್ಲಿ ಸಿಗುವ ಒಲೆಗಳ ಬಾಗಿಲೂ ಇದೇ ತತ್ವದ್ದು.

ಆ ಕಾವಲೇ ಮೂರನೇ ಸ್ವಿಚ್. ಬಾಗಿಲಿನ ಕೊಕ್ಕೆ ಒಳಗೆ ಹೋಗಿ ಮೂರು ಪುಟ್ಟ ಸ್ವಿಚ್ಚುಗಳನ್ನು ಒತ್ತುತ್ತದೆ. ಬಾಗಿಲು ತೆಗೆದರೆ ಮೊದಲೆರಡು ಸ್ವಿಚ್ಚು ಕರೆಂಟು ಕಡಿಯುತ್ತವೆ. ಮೂರನೆಯದು ಉಲ್ಟಾ. ಬಾಗಿಲು ತೆಗೆದಾಗ ಅದು ಎರಡು ಲೈನನ್ನು ಒಂದಕ್ಕೊಂದು ಕೂಡಿಸುತ್ತದೆ. ಮೊದಲ ಸ್ವಿಚ್ಚು ನೆಟ್ಟಗೆ ಕಡಿದಿದ್ದರೆ ಇದರಿಂದ ಏನೂ ಆಗೋದಿಲ್ಲ. ಆದರೆ ಮೊದಲನೆಯದರ ತುಟಿ ಕಿಡಿಗೆ ಬೆಸೆದುಕೊಂಡಿದ್ದರೆ ಆಗ ಶಾರ್ಟ್ ಸರ್ಕ್ಯೂಟ್! ಫ್ಯೂಜ್ ಸುಡುತ್ತದೆ, ಒಲೆ ಸಾಯುತ್ತದೆ. ಬೇಕಂತಲೇ ಹೀಗೆ ಮಾಡಿದ್ದಾರೆ. ಅಂದರೆ ಮೈಕ್ರೋವೇವಿನಲ್ಲಿ ಫ್ಯೂಜ್ ಹೋಯಿತು ಅಂದರೆ ಕರೆಂಟು ಏರಿಳಿತ ಅಂತಲೇ ಅರ್ಥ ಅಲ್ಲ. "ಬಾಗಿಲ ಕಾವಲುಗಾರ ಸತ್ತಿದಾನೆ, ನೋಡ್ರಪಾ" ಅಂತ ಒಲೆ ಹೇಳುತ್ತಿರಬಹುದು. ಅದರ ಬಾಯಿಗೆ ತಾಮ್ರದ ಎಳೆ ತುರುಕಿದರೆ?

ಒಂದು ಸ್ವಿಚ್ಚು ಉಳಿದಿರುತ್ತಲ್ಲ ಅನ್ನಬಹುದು. ಹೌದು, ಉಳಿದಿರುತ್ತೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಸಪೇಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ತಡೆಯುವ ತನಕ ಸುತ್ತಲ ಊರುಗಳಿಗೆ ನಿದ್ದೆ ಇರಲಿಲ್ಲ.

ಬಾಗಿಲು ತೆರೆದಿರುವಾಗ ಅಲೆ ಹೊರಬಂದರೆ ಏನಾಗುತ್ತೆ? ಇದರಲ್ಲಿ ವಿಕಿರಣ ಅಂದ ಕೂಡಲೇ ಅಣುಬಾಂಬು ನೆನೆಸೋದು ಬೇಡ. ಅನ್ನ ಏನೂ ವಿಕಿರಣಶೀಲ ಆಗೋದಿಲ್ಲ. ಆದರೆ ಅನ್ನ ಬಿಸಿ ಮಾಡಿದ ಹಾಗೇ ನಮ್ಮನ್ನೂ ಬಿಸಿ ಮಾಡುತ್ತೆ. ಕಣ್ಣಿನ ಮಸೂರಕ್ಕೆ ರಕ್ತನಾಳ ಇಲ್ಲ, ಹಾಗಾಗಿ ಅಲ್ಲಿನ ಬಿಸಿ ಬೇಗ ಕೆಳಗಿಳಿಯೋದಿಲ್ಲ. ಬಾಗಿಲು ತೆಗೆದು ಬಗ್ಗಿ ನೋಡುವವರ ಕಣ್ಣು ಎಷ್ಟು ಹತ್ತಿರ ಇರುತ್ತೆ, ಯೋಚಿಸಿ. ಅದರಲ್ಲೂ ಮಕ್ಕಳದು ಒಲೆಯ ಎತ್ತರಕ್ಕೇ ಇರುತ್ತೆ.

ಮಾಮನ ಕೈಯ ಅಭ್ಯಾಸಕ್ಕೂ ಒಂದು ಚರಿತ್ರೆ ಇದೆ. ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ. ನಮ್ಮ ಮನೆಗಳಿಗೆ, ಪಂಪ್‌ಸೆಟ್ಟುಗಳಿಗೆ ಮೊದಲು ಬಂದಿದ್ದು ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಜ್. ಅದು ಇರೋದೇ ತಂತಿ ಸುತ್ತೋಕೆ. ಇಷ್ಟು ಆಂಪಿಯರಿಗೆ ಇಷ್ಟು ದಪ್ಪದ ತಂತಿ ಅಂತ ಲೆಕ್ಕ ಇದೆ. ಆದರೆ ಕಂಪ್ಲಿ ಕಡೆಯ ಗದ್ದೆಯಲ್ಲಿ ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂದು, ಮೋಟರು ಚಾಲೂ ಮಾಡಿದ ಕೂಡಲೇ ಫ್ಯೂಜ್ ಹೋದರೆ ರೈತ ಆ ಲೆಕ್ಕದ ತಂತಿಯನ್ನು ಎಲ್ಲಿಂದ ತರಬೇಕು? ಕೈಗೆ ಸಿಕ್ಕ ವೈರಿನ ಎರಡು ಎಳೆ ಸುತ್ತುತ್ತಾನೆ. ಭತ್ತದ ಮಡಿ ಒಣಗುವ ಭಯದ ಮುಂದೆ ಮೋಟರು ಸುಡುವ ಭಯ ಸಣ್ಣದು. ಆ ಕೈಯೇ ಊರಿಗೆ ಬಂದು ರೇಡಿಯೋ ಅಂಗಡಿ ಇಟ್ಟಿತು. ಟೀವಿಯಲ್ಲೂ ಅದೇ ನಡೀತು. ಮೈಕ್ರೋವೇವಿನ ಫ್ಯೂಜ್ ಬೇರೆ ಜಾತಿ ಅಂತ ಅದಕ್ಕೆ ಹೇಳಿದವರು ಯಾರು? ಈ ಒಲೆಗಳ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತೆ, ಒಳಗಿನ ಎಚ್ಚರಿಕೆಯ ಚೀಟಿಯೂ ಇಂಗ್ಲಿಷಿನಲ್ಲಿ.

ಒಲೆಗಳು ಇಲ್ಲಿಗೆ ಬಂದ ರೀತಿಯೂ ಹಾಗೇ ಇತ್ತು. ಉದಾರೀಕರಣದ ನಂತರ ದೊಡ್ಡ ಪಟ್ಟಣಗಳಿಗೆ ಬಂದಿದ್ದು ನಮ್ಮ ಕಡೆ ನುಗ್ಗಿದ್ದು ಅದಿರಿನ ದುಡ್ಡಿನ ಜೊತೆ. ಚೀನಾ ಅದಿರು ಕೇಳಿದ ವರ್ಷಗಳವು. ಸಂಡೂರು-ಹೊಸಪೇಟೆ ರಸ್ತೆಯಲ್ಲಿ ಲಾರಿ ಸಾಲು ಕಡಿಯುತ್ತಿರಲಿಲ್ಲ, ಗಿಡದ ಎಲೆ ಕೂಡ ಕೆಂಪು. ಚಿಕ್ಕಪ್ಪನಿಗೂ ಎರಡು ಲಾರಿ ಇತ್ತು. 2007ರಲ್ಲಿ ಅವರ ಮಗಳ ಮದುವೆಗೆ ಉಡುಗೊರೆ ಬಂದಿದ್ದೇ ಈ ಒಲೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಹೋದವು. ಒಲೆ ಉಳಿಯಿತು. ಅಂದ ಹಾಗೆ, ಮ್ಯಾಗ್ನೆಟ್ರಾನಿನ ಮೇಲೆ ಕೆಳಗೆ ಇರುವ ಕಪ್ಪು ಬಳೆಯಂಥ ಆಯಸ್ಕಾಂತ ಇದೆಯಲ್ಲ, ಅದು ಫೆರೈಟು. ಅದರ ಮುಖ್ಯ ಸರಕು ಕಬ್ಬಿಣದ ಆಕ್ಸೈಡು, ಸಂಡೂರು ಗುಡ್ಡದ ಹೆಮಟೈಟ್ ಅದಿರಿನಲ್ಲಿರೋದೂ ಅದೇ. ಈ ಒಲೆಯ ಆಯಸ್ಕಾಂತ ನಮ್ಮ ಗುಡ್ಡದ್ದೇ ಅಂತ ನಾನು ಹೇಳ್ತಿಲ್ಲ. ಆದರೆ ಧೂಳು ಒಳಗೆ ಹೋಗಿ ನೆಂಟರನ್ನು ಕಂಡ ಹಾಗೆ ಕೂತಿತ್ತು.

ಅಂಗಡಿಯಲ್ಲಿ ಇನ್ನೊಂದು ಮಾತೂ ಆಯಿತು. "ಕರೆಂಟಿಗೆ ನಾ ಹೆದ್ರಂಗಿಲ್ಲಪಾ, ಟೀವಿ ಪಿಕ್ಚರ್ ಟ್ಯೂಬಿನ 25 ಸಾವಿರ ವೋಲ್ಟಿನ ಏಟು ತಿಂದೀನಿ" ಅಂದರು ಮಾಮ. ನಿಜ ಇರಬಹುದು. ಟೀವಿಯಲ್ಲಿ ವೋಲ್ಟೇಜು ಬಹಳ, ಆದರೆ ಅದರ ಹಿಂದಿರುವ ಕರೆಂಟಿನ ತಾಕತ್ತು ಕಡಿಮೆ. ಏಟು ಬಿದ್ದವರು ಹಿಂದಕ್ಕೆ ಹಾರಿ ಬದುಕಿಕೊಂಡಿದ್ದೇ ಹೆಚ್ಚು. ಮೈಕ್ರೋವೇವಿನಲ್ಲಿ ಟ್ರಾನ್ಸ್‌ಫಾರ್ಮರು ಸುಮಾರು 2,000 ವೋಲ್ಟು ಕೊಡುತ್ತದೆ, ಕೆಪಾಸಿಟರ್ ಮತ್ತು ಡಯೋಡು ಸೇರಿ ಅದನ್ನು 4,000ದ ಆಸುಪಾಸಿಗೆ ಏರಿಸುತ್ತವೆ. ಹಿಂದಿರುವ ಕರೆಂಟು ಅರ್ಧ ಆಂಪಿಯರಿನ ಲೆಕ್ಕದ್ದು. ಎದೆಯ ಮೂಲಕ ಹಾದರೆ ಅದರ ಹತ್ತನೇ ಒಂದು ಭಾಗ ಸಾಕು. ಎತ್ತರದ ಬಂಡೆಯಿಂದ ಸೋರುವ ಹನಿಗೂ ಡ್ಯಾಮಿನ ಗೇಟಿನಿಂದ ಬರುವ ನೀರಿಗೂ ಇರುವಷ್ಟು ವ್ಯತ್ಯಾಸ.

ಪ್ಲಗ್ ಕಿತ್ತರೆ ಮುಗೀತಲ್ಲ ಅನ್ನೋ ಹಾಗೂ ಇಲ್ಲ. ಆ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತೆ. ಅದನ್ನು ಮೆಲ್ಲಗೆ ಸೋರಿಸೋಕೆ ಒಳಗೇ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಆದರೆ ಅದು ಕೆಟ್ಟಿದೆಯೋ ಇಲ್ಲವೋ ಹೊರಗಿನಿಂದ ಕಾಣೋದಿಲ್ಲ. ಹಳೇ ಒಲೆಯ ಟ್ರಾನ್ಸ್‌ಫಾರ್ಮರು ಬಿಚ್ಚಿ ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ವಿಡಿಯೋ ನೋಡಿ ಅದನ್ನು ಮಾಡಹೋಗಿ ಅಮೆರಿಕದಲ್ಲಿ ಎಷ್ಟೋ ಜನ ಸತ್ತಿದ್ದಾರೆ. ದಯವಿಟ್ಟು ಅತ್ತ ಹೋಗಬೇಡಿ.

ಹಾಗಾದರೆ ಮನೆಯಲ್ಲಿ ನಾವು ನೋಡಬಹುದಾದ್ದು ಏನೂ ಇಲ್ಲವೇ? ಇದೆ, ಎಲ್ಲಾ ಕವಚದ ಹೊರಗೆ. ಒಲೆ ಪೂರ್ತಿ ಸತ್ತಿದ್ದರೆ ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಬಾಗಿಲಿನ ಕೊಕ್ಕೆ ಮುರಿದಿದೆಯಾ, ಬಾಗಿಲು ಸಡಿಲವಾಗಿದೆಯಾ, ಅಂಚಿನಲ್ಲಿ ಜಿಡ್ಡು ಕಟ್ಟಿದೆಯಾ ನೋಡಿ. ಒಳಗೆ ಚಟಪಟ ಕಿಡಿ ಬಂದರೆ ಪಕ್ಕದ ಗೋಡೆಯಲ್ಲಿರುವ ರಟ್ಟಿನಂಥ ಅಭ್ರಕದ ಹಾಳೆ ಸುಟ್ಟಿರುತ್ತೆ, ಇಲ್ಲವೇ ಬಣ್ಣ ಕಿತ್ತಿರುತ್ತೆ. ಪ್ಲಗ್ ತೆಗೆದು ಒರೆಸಬಹುದು, ಹಾಳೆ ಸುಟ್ಟಿದ್ದರೆ ಅದು ಬದಲಾಗುವ ತನಕ ಹಚ್ಚಬಾರದು. ಲೈಟು ಹತ್ತಿ, ತಟ್ಟೆ ತಿರುಗಿ, ಬಿಸಿ ಮಾತ್ರ ಆಗದಿದ್ದರೆ ಮೊದಲು ಮನೆಯ ವೋಲ್ಟೇಜು ನೋಡಿ. ಟ್ರಾನ್ಸ್‌ಫಾರ್ಮರ್ ಇರುವ ಒಲೆಗಳು 180ಕ್ಕೆ ಇಳಿದರೆ ಸುಮ್ಮನೆ ಗುಂಯ್‌ಗುಡುತ್ತವೆ ಅಷ್ಟೇ. ವೋಲ್ಟೇಜು ಸರಿಯಿದ್ದರೆ ಗಾಜಿನ ಬೋಗುಣಿಯಲ್ಲಿ ಒಂದು ಲೀಟರ್ ನೀರಿಟ್ಟು ಸರಿಯಾಗಿ ಒಂದು ನಿಮಿಷ ಫುಲ್ ಪವರಿನಲ್ಲಿ ಓಡಿಸಿ, ಕಲಕಿ, ಎಷ್ಟು ಡಿಗ್ರಿ ಏರಿತು ಅಂತ ಥರ್ಮಾಮೀಟರಿನಲ್ಲಿ ನೋಡಿ, 70ರಿಂದ ಗುಣಿಸಿ. ಹತ್ತು ಡಿಗ್ರಿ ಏರಿದರೆ 700 ವಾಟು. ಬಹಳ ಕಡಿಮೆ ಬಂದರೆ ತೊಂದರೆ ಹೈ ವೋಲ್ಟೇಜ್ ಕಡೆಗಿದೆ, ಅದು ಬಲ್ಲವರ ಕೆಲಸ. ಒಲೆಯೊಳಗೆ ಮೊಬೈಲ್ ಇಟ್ಟು ರಿಂಗ್ ಮಾಡಿ ಸೋರಿಕೆ ನೋಡೋ ಉಪಾಯ ನಂಬಬೇಡಿ, ಅದರಿಂದ ಏನೂ ಗೊತ್ತಾಗೋದಿಲ್ಲ. ಮತ್ತೆ ಅರ್ಥಿಂಗು. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತೆ, ಅದರ ಹಿಂದೆ ತಂತಿಯೇ ಇರೋದಿಲ್ಲ. ಇದ್ದರೂ ನಮ್ಮ ಬೇಸಿಗೆಗೆ ಅರ್ಥ್ ಗುಂಡಿ ಒಣಗಿರುತ್ತೆ. ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ.

ಮಾಮ ತಾಮ್ರದ ಎಳೆ ಕೆಳಗಿಟ್ಟರು. ಮಾತಾಡಲಿಲ್ಲ. ಮರುದಿನ ಬನ್ನಿ ಅಂತ ಹೇಳಿ ಕಳಿಸಿದರು. ಹೋದಾಗ ಒಲೆ ಬಿಚ್ಚಿತ್ತು. ಕೆಪಾಸಿಟರಿನ ಬಾಯಿಗಳನ್ನು ಉದ್ದ ಹಿಡಿಯ ಸಾಧನದಿಂದ ಖಾಲಿ ಮಾಡಿದ್ದರು, ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಆ ಕೈಯ ರೂಢಿ ಮಾತ್ರ ಟೀವಿ ಕಾಲದ ಒಳ್ಳೇ ಬಳುವಳಿ. ಬಾಗಿಲಿನ ಮೊದಲ ಸ್ವಿಚ್ಚನ್ನು ನನ್ನ ಕೈಗೆ ಕೊಟ್ಟು, ಒತ್ತಿ ಬಿಡು ಅಂದರು. ಒತ್ತಿದರೂ ಬಿಟ್ಟರೂ ಮೀಟರು ಕುಂಯ್ ಅನ್ನುತ್ತಲೇ ಇತ್ತು. ತುಟಿ ಬೆಸೆದುಕೊಂಡಿತ್ತು. ಮೂರೂ ಸ್ವಿಚ್ಚು, ಅದೇ ಅಳತೆಯ ಫ್ಯೂಜು ಬೆಂಗಳೂರಿನಿಂದ ತರಿಸಿ ಹಾಕಿದರು. ಎಲ್ಲಾ ಸೇರಿ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡೂ ಆಗಲಿಲ್ಲ.

ಕಥೆ ಇಲ್ಲಿಗೆ ಮುಗೀಬೇಕಿತ್ತು. ದುಡ್ಡು ಕೊಡೋಕೆ ಹೋದಾಗ ಮಾಮ ಅಂದರು, "ಇನ್ನೆರಡಕ್ಕ ಸುತ್ತೀನಪಾ."

2018-19ರ ಸುಮಾರಿಗೆ ಹಾಗೇ ಫ್ಯೂಜ್ ಹೋಗಿ ಬಂದ ಎರಡು ಒಲೆಗೆ ತಂತಿ ಸುತ್ತಿ ಕಳಿಸಿದ್ದರಂತೆ. ಒಂದು ಕಂಪ್ಲಿಯ ಒಂದು ಮನೆಯದು. ಆ ಭಾನುವಾರ ಇಬ್ಬರೂ ಕಂಪ್ಲಿಗೆ ಹೋದೆವು. ಹೊಳೆ ತುಂಬಿ ಗಂಗಾವತಿ ಕಡೆಯ ಸೇತುವೆ ಮೇಲೆ ನೀರು ಬಂದಿತ್ತು, ನಮ್ಮ ಕಡೆಯ ದಾರಿಗೆ ತೊಂದರೆ ಇರಲಿಲ್ಲ. ಆ ಮನೆಯ ಅಮ್ಮ ಮಾಮನನ್ನು ಗುರುತು ಹಿಡಿದು, "ಚಲೋ ಮಾಡಿಕೊಟ್ಟೀರಿ ಅಣ್ಣಾರ, ಅವತ್ತಿಂದ ಒಂದಿನ ನಿಂತಿಲ್ಲ ನೋಡ್ರಿ" ಅಂದರು. ಮೊಮ್ಮಗುವಿನ ಹಾಲು ದಿನಾ ಅದರಲ್ಲೇ ಬಿಸಿಯಾಗ್ತಿತ್ತು. "ಮೊದ್ಲು ಮೊದ್ಲು ಬಾಗ್ಲಾ ತೆಗೆದ್ರ ಮನಿ ಮೇನ್ ಬೀಳ್ತಿತ್ರಿ, ಆಮ್ಯಾಲ ತಾನಾ ಸರಿ ಆತು."

ಮಾಮ ನನ್ನ ಮುಖ ನೋಡಿದರು. ತಾನಾಗೇ ಸರಿ ಆಗಿರಲಿಲ್ಲ. ಬಿಚ್ಚಿದಾಗ ತಂತಿ ಹಾಗೇ ಇತ್ತು. ಮೊದಲ ಸ್ವಿಚ್ಚು ಬೆಸೆದುಕೊಂಡಿತ್ತು. ಫ್ಯೂಜ್ ಸುಡದೇ ಇದ್ದದ್ದರಿಂದ ಪ್ರತಿ ಸಲ ಶಾರ್ಟನ್ನು ತಾನೇ ಹೊತ್ತ ಮೂರನೇ ಸ್ವಿಚ್ಚು ಸುಟ್ಟು ಇದ್ದಿಲಾಗಿತ್ತು. ಇಷ್ಟು ವರ್ಷ ಆ ಮನೆಯಲ್ಲಿ ಬಾಗಿಲು ಕಾಯುತ್ತಿದ್ದದ್ದು ಉಳಿದ ಒಂದೇ ಒಂದು ಸ್ವಿಚ್ಚು. ಮಾಮ ತಂದಿದ್ದ ಮೂರು ಸ್ವಿಚ್ಚು, ಫ್ಯೂಜು ಹಾಕಿದರು, ನೀರಿಟ್ಟು ನೋಡಿದರು, ದುಡ್ಡು ತಗೊಳ್ಳಲಿಲ್ಲ. ಆ ಅಮ್ಮ ಬಿಡದೆ ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿದರು.

ಎರಡನೆಯದು ಸಿಕ್ಕಿಲ್ಲ. ಅದು ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿದ್ದ ಒಂದು ಸಣ್ಣ ಹೋಟೆಲಿನದು. ಫಾರಿನ್ನರಿಗೆ ತಿಂಡಿ ಬಿಸಿ ಮಾಡಿಕೊಡೋಕೆ ಇಟ್ಟುಕೊಂಡಿದ್ದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು ಮಾರ್ಚಿನಲ್ಲಿ ಗಡ್ಡೆಯ ಹೋಟೆಲುಗಳನ್ನೆಲ್ಲ ಕೆಡವಿದಾಗ ಸಾಮಾನು ಸಿಕ್ಕ ಸಿಕ್ಕವರಿಗೆ ಮಾರಿ ಹೋದರಂತೆ. ಮಾಮ ಗಂಗಾವತಿ, ಆನೆಗೊಂದಿ, ಕಮಲಾಪುರದ ಗುಜರಿಗಳಲ್ಲಿ ಕೇಳಿದ್ದಾರೆ. ಬೆಳ್ಳಿ ಬಣ್ಣದ್ದು, ಬಾಗಿಲಿನ ಹಿಡಿಗೆ ಕೆಂಪು ಟೇಪು ಸುತ್ತಿತ್ತು, ಬಲಗಡೆ ಎರಡು ದುಂಡು ಗುಬ್ಬಿ. ಆ ಕಡೆಯಿಂದ ಯಾರಾದರೂ ಇಂಥದ್ದು ಕೊಂಡಿದ್ದರೆ, ಅಥವಾ ಕೊಂಡವರು ನಿಮಗೆ ಗೊತ್ತಿದ್ದರೆ ಪ್ಲಗ್ ಕಿತ್ತಿಡಿ, ನನಗೊಂದು ಮಾತು ತಿಳಿಸಿ. ಮಾಮ ಸ್ವಿಚ್ಚು, ಫ್ಯೂಜು ಜೇಬಿನಲ್ಲೇ ಇಟ್ಟುಕೊಂಡು ಓಡಾಡ್ತಿದಾರೆ.